ಬರಲಾ ಅಂತ ಕೇಳಿದ್ದಕ್ಕೆ

ನವೆಂಬರ್ ೧೮

ಪ್ರೀತಿಯ ಅಕ್ಕ,

ಹಿಂದಿನ ಕಾಗದಗಳು ನಿನ್ನ ಕೈ ಸೇರಿವೆ ಅನ್ನೋದು ಗೊತ್ತು. ಅಂಚೆಯವರು ಒಂದನ್ನೂ ವಾಪಸ್ ಕಳಿಸಿಲ್ಲ. ನೀನು ಮಾತು ಬಿಟ್ಟಿದ್ದೀಯ. ಚಿಕ್ಕಂದಿನಲ್ಲೂ ಹಾಗೇ ಮಾಡ್ತಿದ್ದೆ. ಬೈದರೆ ಬೈಸಿಕೊಂಡು ಸುಮ್ಮನಾಗಬಹುದು, ನೀನು ಬೈಯೋದೇ ಇಲ್ಲವಲ್ಲ. ಗೋಡೆ ಕಡೆ ಮುಖ ಮಾಡಿ ಹೊಲಿಗೆ ಹಾಕ್ತಾ ಕೂತುಬಿಡ್ತೀಯ.

ಭಾವ ಹೋದ ಸುದ್ದಿ ಬಂದಾಗ ನಮ್ಮ ವಾರ್ಡಿಗೆ ಬೀಗ ಬಿದ್ದಿತ್ತು. ಮಕ್ಕಳಿಗೆ ಗಂಟಲುಬೇನೆ ಹರಡಿ, ಒಳಗಿದ್ದ ನರ್ಸುಗಳು ಹೊಸ್ತಿಲು ದಾಟೋ ಹಾಗಿರಲಿಲ್ಲ. ಇದನ್ನ ಆಗಲೇ ಬರೆದಿದ್ದೇನೆ. ನೀನು ನಂಬಿದ್ದೀಯ ಅಂತಲೂ ಗೊತ್ತು. ನಂಬಿದ ಮಾತ್ರಕ್ಕೆ ನೋವು ಹೋಗಬೇಕು ಅಂತೇನಿಲ್ಲ.

ನಿಮ್ಮ ಮನೇಲಿದ್ದು ನಾನು ನರ್ಸಿಂಗ್ ಓದಿದ ದಿನಗಳು ನೆನಪಾಗ್ತವೆ. ಭಾವ ನೆಲಮಾಳಿಗೆಯ ಬಾಯ್ಲರ್ ರೂಮಿನಿಂದ ಮೇಲೆ ಬಂದು, ಮಸಿ ಕೈ ತೊಳೆದು, ತೋಳು ಚಾಚಿ ಕೂರ್ತಿದ್ದರು. “ಬಾರೇ ಸೂಜಿ, ಚುಚ್ಚಿ ಕಲಿ. ಇಡೀ ಕಟ್ಟಡಕ್ಕೆ ಬಿಸಿನೀರು ಹತ್ತಿಸೋನಿಗೆ ಇದೊಂದು ಸೊಳ್ಳೆ ಕಡಿದ ಹಾಗೆ” ಅನ್ನೋರು. ಆಮೇಲೆ ಆ ಕಡೆ ತಿರುಗಿ ಹಲ್ಲು ಕಚ್ಚೋರು. ನಾನು ನೋಡಿದ್ದೆ, ಹೇಳಿರಲಿಲ್ಲ.

ಅವರ ಕೊನೇ ದಿನ ಹೇಗಿತ್ತು ಅಂತ ನನಗೆ ಯಾರೂ ಹೇಳಿಲ್ಲ. ನೀನು ಬರೆದರೆ ಓದ್ತೀನಿ. ಬರೆಯದಿದ್ದರೂ ನಾನು ಬರೀತಾ ಇರ್ತೀನಿ.

ನಿನ್ನ ತಂಗಿ,
ಸೂಜಿ


ಜನವರಿ ೬, ಮಂಗಳವಾರ

ತಂಗೀ,

ನಿನ್ನ ಕಾಗದಗಳೆಲ್ಲ ಬಂದಿವೆ. ಯಾಕೆ ಬರೆಯಲಿಲ್ಲ ಅಂತ ಕೇಳಬೇಡ, ಹೇಳೋಕೆ ಬರಲ್ಲ. ಇವತ್ತು ಬರೀತಿರೋದಕ್ಕೆ ಬೇರೆ ಕಾರಣ ಇದೆ.

ಭಾನುವಾರ ಸಂಜೆ ಗಾಳಿ ದಿಕ್ಕು ಬದಲಿಸಿತು. ಸೋಮವಾರ ಎದ್ದು ಕಿಟಕಿ ತೆಗೆಯೋಕೆ ಹೋದರೆ ಚೌಕಟ್ಟಿಗೆ ಅಂಟಿಕೊಂಡಿದೆ. ಬಾಗಿಲ ಹತ್ತಿರ ಇಟ್ಟಿದ್ದ ಹಾಲು ಬಾಟಲಿಯೊಳಗೇ ಗಟ್ಟಿಯಾಗಿ, ಮುಚ್ಚಳವನ್ನ ಮೇಲಕ್ಕೆತ್ತಿ, ಟೋಪಿ ತೆಗೆದು ನಮಸ್ಕಾರ ಹೇಳೋರ ಥರ ನಿಂತಿತ್ತು. ಬೀದಿ ನಲ್ಲಿ ಒಡೆದು ಚರಂಡಿ ಉದ್ದಕ್ಕೂ ಗಾಜು ಸುರಿದ ಹಾಗಾಗಿದೆ. ಎಲ್ಲರೂ ಬಕೆಟ್ಟುಗಳಲ್ಲಿ ನೀರು ತುಂಬಿಟ್ಟುಕೊಳ್ಳಿ ಅಂತ ರೇಡಿಯೋದಲ್ಲಿ ಹೇಳ್ತಾನೇ ಇದ್ದಾರೆ. ನದಿಯ ಸದ್ದು ನಿಂತುಹೋಗಿದೆ. ಇಷ್ಟು ವರ್ಷ ಅದು ಸದ್ದು ಮಾಡ್ತಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ ನೋಡು.

ಶಾಲೆಗಳಿಗೆ ರಜೆ. ಆದರೂ ಯೂನಿಫಾರಂ ಹೊಲಿದು ಮುಗಿಸಲೇಬೇಕಂತೆ, ಬಟ್ಟೆ ಗಂಟನ್ನೆಲ್ಲ ಮನೆಗೇ ತಂದು ಹಾಕಿದ್ದಾರೆ. ಎದುರು ಓಣಿಯ ಐಸ್‌ಕ್ಯಾಂಡಿಯವನು ಕೈಗಾಡಿ ತಲೆಕೆಳಗೆ ಮಾಡಿಟ್ಟು, “ಅಕ್ಕಾ, ಊರೇ ನನ್ನ ಡಬ್ಬಿ ಆಗಿಹೋಯ್ತು, ಇನ್ನು ನನ್ನ ಹತ್ರ ಯಾರು ಕೊಳ್ತಾರೆ” ಅಂತ ನಗ್ತಾ ಹೋದ. ನಗುವಾಗ ಅವನ ತುಟಿ ಒಡೆದು ರಕ್ತ ಬಂತು.

ಕೆಳಗಿನ ಮನೆಯ ಟೈಪಿಸ್ಟಮ್ಮ ನಿನಗೆ ನೆನಪಿರಬೇಕು. ಕೋರ್ಟಿನಲ್ಲಿ ಟೈಪು ಮಾಡಿ ರಿಟೈರ್ ಆದೋಳು, ನನ್ನ ಹೊಲಿಗೆ ಮಿಷನ್ ಸದ್ದು ಕೇಳಿದ ತಕ್ಷಣ ಪೊರಕೆ ಹಿಡಿಯಿಂದ ಚಾವಣಿಗೆ ಕುಟ್ಟೋಳು. ನಮ್ಮಿಬ್ಬರಿಗೆ ಮಾತಿಲ್ಲ. ಸೋಮವಾರ ಬೆಳಿಗ್ಗೆ ದಪ್ಪ ಕೋಟು ಹಾಕ್ಕೊಂಡು, ಸೂಟ್‌ಕೇಸ್ ಹಿಡಿದು ಸ್ಟೇಷನ್ ಕಡೆ ಹೋಗ್ತಿದ್ದಳು. ಪ್ರತಿ ಚಳಿಗಾಲ ತಮ್ಮನ ಮನೆಗೆ ಹೋಗ್ತಾಳೆ. ಮಧ್ಯಾಹ್ನದ ಹೊತ್ತಿಗೆ ರೈಲುಗಳೆಲ್ಲ ನಿಂತವು ಅಂತ ಸುದ್ದಿ ಬಂತು. ಪುಣ್ಯಾತ್ಗಿತ್ತಿ, ಅಷ್ಟರೊಳಗೆ ಪಾರಾದಳು ಅಂದ್ಕೊಂಡೆ.

ಈಗ ಹೇಳಬೇಕಾದ್ದು ಹೇಳ್ತೀನಿ. ನಗಬೇಡ.

ಬಾಯ್ಲರ್‌ನಿಂದ ಹೊರಟು, ಟೈಪಿಸ್ಟಮ್ಮನ ಬಚ್ಚಲು ಹಾದು, ನಮ್ಮ ಅಡುಗೆಮನೆಗೆ ಏರೋ ದಪ್ಪ ಪೈಪು ಇದೆಯಲ್ಲ, ನಿನ್ನ ಭಾವ ಊಟದ ಹೊತ್ತಾದಾಗ ಕೆಳಗಿನಿಂದ ಸ್ಪ್ಯಾನರಿನಲ್ಲಿ ಅದಕ್ಕೆ ಬಡೀತಿದ್ದರು. ಹಸಿವಾಯ್ತು ಅಂತ ಅರ್ಥ. ನಾನು ಸೌಟಿನಲ್ಲಿ ಬಡಿದರೆ ಬನ್ನಿ ಅಂತ ಅರ್ಥ. ನಿನ್ನೆ ಸಂಜೆ ಒಲೆ ಮುಂದೆ ನಿಂತಿದ್ದೆ. ಪೈಪು ಟಣ್ ಅಂತು. ಸುಮ್ಮನಾಯ್ತು. ಮತ್ತೆ ಟಣ್, ಟಣ್.

ಈಗಿನ ಬಾಯ್ಲರ್‌ನವನು ಬೆಳಿಗ್ಗೆ ಬಂದು ಹೋಗ್ತಾನೆ, ಸಂಜೆ ಕೆಳಗೆ ಯಾರೂ ಇರಲ್ಲ. ಇವತ್ತು ಅವನನ್ನೇ ಕೇಳಿದೆ. “ಚಳಿಗೆ ಕಬ್ಬಿಣ ಕುಗ್ಗತ್ತಮ್ಮ, ಹಾಗೇ ಸದ್ದು ಮಾಡತ್ತೆ” ಅಂದ. ಆಗಿರಬಹುದು. ಆದರೆ ತಂಗೀ, ನಾನು ಸೌಟು ತಗೊಂಡು ಬಡಿದೆ. ಉತ್ತರ ಬಂತು.

ಇದನ್ನ ಇನ್ಯಾರಿಗೆ ಹೇಳಲಿ?

ಅಕ್ಕ


ಜನವರಿ ೮, ಗುರುವಾರ

ತಂಗೀ,

ಕಾಗದ ತಗೋತಾರಂತೆ, ಕಳಿಸಲ್ಲವಂತೆ. ಚೀಲದಲ್ಲಿ ಬಿದ್ದಿರತ್ತೆ ಅಂದರು ಅಂಚೆ ಕಚೇರಿಯಲ್ಲಿ. ಪರವಾಗಿಲ್ಲ, ಬರೆದರೆ ಸಾಕು.

ಕಲ್ಲಿದ್ದಲಿನ ವ್ಯಾಗನ್ನುಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡಿವೆ. ಬಾಯ್ಲರ್ ಅರೆಬರೆ ಉರೀತಿದೆ, ಪೈಪು ಜ್ವರ ಇಳಿದವರ ಮೈಯಷ್ಟೇ ಬೆಚ್ಚಗಿದೆ. ಮೇಲಿನ ಮನೆಯವರು ಮಕ್ಕಳನ್ನ ಕಟ್ಟಿಕೊಂಡು ಚರ್ಮದ ಕಾರ್ಖಾನೆಯ ಹಾಲಿಗೆ ಹೋದರು, ಅಲ್ಲಿ ದೊಡ್ಡ ಒಲೆ ಹಾಕಿದ್ದಾರೆ. ನನ್ನನ್ನೂ ಕರೆದರು. ಹೋಗಲಿಲ್ಲ. ಹೇಗೆ ಹೋಗಲಿ, ಇಲ್ಲಿ ಕರೀತಿದ್ದಾರಲ್ಲ.

ಪೈಪು ನೆಲದೊಳಗೆ ಇಳಿಯೋ ಕಡೆ ಸುತ್ತ ಒಂದು ಸಂದು ಇದೆ. ಚಾಪೆ ಹಾಕಿ, ಅದರ ಹತ್ತಿರ ಬಾಯಿ ಇಟ್ಟು ಮಾತಾಡ್ತೀನಿ. ಮೊದಲ ದಿನ ನಾಚಿಕೆ ಆಯ್ತು. ಈಗಿಲ್ಲ. ಹಾಲಿನ ಬಾಟಲಿ ವಿಷಯ ಹೇಳಿದೆ, ನದಿ ವಿಷಯ ಹೇಳಿದೆ. ಹೇಳದೆ ಕೇಳದೆ ಎದ್ದುಹೋದಿರಲ್ಲ, ಇದು ಯಾವ ನ್ಯಾಯ ಅಂತ ಜಗಳವನ್ನೂ ಆಡಿದೆ. “ಅಲ್ಲಿ ಚಳಿಯಾ?” ಅಂತ ಕೇಳಿದ್ದಕ್ಕೆ ಪಟಪಟ ಬಡಿದರು. ಎಷ್ಟು ಹೊತ್ತು ಬಡಿದರು ಅಂದರೆ ನನಗೆ ಅಳುವೇ ಬಂತು. ಬೆಂಕಿ ಮುಂದೆಯೇ ಬದುಕಿದ ಮನುಷ್ಯನಿಗೆ ಚಳಿ ಆಗಬಾರದಿತ್ತು.

ಆವತ್ತು ಅವರು ಕಣ್ಣು ಮುಚ್ಚಿದ ಮೇಲೆ ಏನೇನಾಯ್ತು ಅಂತ ಅವರಿಗೆ ಹೇಗೆ ಗೊತ್ತಿರಬೇಕು ಹೇಳು? ಯಾರಾದರೂ ಹೇಳಬೇಕಲ್ಲ. ಅದನ್ನೇ ಹೇಳೋಕೆ ಶುರು ಮಾಡಿದ್ದೀನಿ. ಸ್ವಲ್ಪ ಸ್ವಲ್ಪವೇ. ನಡುವೆ ನಿಲ್ಲಿಸಿದರೆ ಬಡೀತಾರೆ. ಮುಂದೆ ಹೇಳು ಅಂತ.

ಶರತ್ಕಾಲದಿಂದ ಈಚೆಗೆ ನಾನು ಇಷ್ಟು ಮಾತಾಡೇ ಇರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡೆ, ಕೆನ್ನೆಗೆ ಬಣ್ಣ ಬಂದಿದೆ.

ಅಕ್ಕ


ಜನವರಿ ೮

ಪ್ರೀತಿಯ ಅಕ್ಕ,

ಊರಿನ ಕಡೆಯಿಂದ ಯಾವ ಸುದ್ದಿಯೂ ಇಲ್ಲ. ತಂತಿಗಳ ಮೇಲೆ ಹಿಮ ಗಟ್ಟಿಯಾಗಿ, ಭಾರಕ್ಕೆ ಕಂಬಗಳೇ ಬಾಗಿಬಿಟ್ಟಿವೆ. ಫೋನು ಎತ್ತಿದರೆ ಒಳಗಿನಿಂದ ಬರೇ ಗಾಳಿಯಂಥ ಸದ್ದು.

ಈ ಬೆಟ್ಟದ ಮೇಲೆ ಚಳಿ ಹೊಸದಲ್ಲ, ಆದರೆ ಇಂಥದ್ದನ್ನ ಹಳಬರೂ ಕಂಡಿಲ್ಲವಂತೆ. ಡೀಸೆಲ್ ಹೆಪ್ಪುಗಟ್ಟಿ ಆಂಬುಲೆನ್ಸು ಶೆಡ್ಡಿನಲ್ಲೇ ನಿಂತಿದೆ. ಜನ ರೋಗಿಗಳನ್ನ ಬಾಗಿಲಿನ ಹಲಗೆ ಮೇಲೆ ಮಲಗಿಸಿ ಎಳೆದುಕೊಂಡು ಬರ್ತಾರೆ. ಬುಧವಾರ ಕುರಿ ಸಾಕೋನೊಬ್ಬ ಬಂದ. ಬೆಳಿಗ್ಗೆ ನೋಡಿದರೆ ಅವನ ಮಂದೆ ಬಯಲಲ್ಲಿ ನಿಂತೇ ಇತ್ತಂತೆ, ಕೂಗಿದರೆ ಒಂದೂ ಅಲುಗಲಿಲ್ಲವಂತೆ. ಹತ್ತಿರ ಹೋಗಿ ಒಂದನ್ನ ಮುಟ್ಟಿದನಂತೆ, ಕುರ್ಚಿ ಬಿದ್ದ ಹಾಗೆ ಬಿತ್ತಂತೆ. ಅವನ ಕೈ ಸರಿಯಾಗಿದೆ, ಕಾಲು ಸರಿಯಾಗಿದೆ, ಏನೂ ಆಗಿಲ್ಲ. ಮಾತು ಮಾತ್ರ ಅಲ್ಲಿಗೇ ನಿಂತುಬಿಟ್ಟಿದೆ. “ಕುರ್ಚಿ ಬಿದ್ದ ಹಾಗೆ” ಅಂತಾನೆ, ಮತ್ತೆ ಅದನ್ನೇ ಅಂತಾನೆ.

ತೀರಿಕೊಂಡವರನ್ನ ಹಿಂದಿನ ಗೋದಾಮಿನಲ್ಲಿ ಇಟ್ಟಿದ್ದೇವೆ. ನೆಲ ಕಲ್ಲಾಗಿದೆ, ಗುದ್ದಲಿ ಇಳಿಯಲ್ಲ. ಔಷಧ ತರೋಕೆ ಆ ಗೋದಾಮಿನ ಮುಂದೆಯೇ ಹಾದುಹೋಗಬೇಕು. ಹೋಗುವಾಗೆಲ್ಲ ಯಾರೋ ನನ್ನ ಜೊತೆ ಹೆಜ್ಜೆ ಹಾಕ್ತಿದ್ದಾರೆ ಅನ್ನಿಸತ್ತೆ. ನರ್ಸಾಗಿ ಹೀಗೆ ಬರೀಬಾರದು. ನಿನಗಲ್ಲದೆ ಯಾರಿಗೂ ಬರೆಯಲ್ಲ.

ಒಂದು ಮಾತು ನೆನಪಿಟ್ಟುಕೋ ಅಕ್ಕ. ಚಳಿ ಅಂತ ಒದ್ದಾಡೋರನ್ನ ಕಂಡು ನಾವು ಹೆದರಲ್ಲ. ಹಿಮದಿಂದ ಎತ್ತಿ ತಂದವರು “ಈಗ ಬೆಚ್ಚಗಿದೆ” ಅಂತ ಕೋಟಿನ ಗುಂಡಿ ಬಿಚ್ಚೋಕೆ ಶುರು ಮಾಡ್ತಾರಲ್ಲ, ಅವರನ್ನ ಕಂಡರೆ ಡಾಕ್ಟರು ಓಡಿ ಬರ್ತಾರೆ. ನಿನಗೆ ಯಾವತ್ತಾದರೂ ಚಳಿ ಹೋಯ್ತು ಅನ್ನಿಸಿದರೆ ತಕ್ಷಣ ಜನ ಇರೋ ಕಡೆ ಹೋಗು. ಒಬ್ಬಳೇ ಇರಬೇಡ.

ಈ ಕಾಗದ ಯಾವಾಗ ಹೊರಡತ್ತೋ ಗೊತ್ತಿಲ್ಲ.

ನಿನ್ನ ತಂಗಿ


ಜನವರಿ ೧೦, ಶನಿವಾರ

ತಂಗೀ,

ನಿನ್ನೆ ಬಾಯ್ಲರ್ ಪೂರ್ತಿ ಆರಿತು. ಪೈಪು ಮುಟ್ಟಿದರೆ ಬೆರಳು ಅಂಟಿಕೊಳ್ಳತ್ತೆ. ಬಾಯ್ಲರ್‌ನವನು ಬರೋದನ್ನೂ ನಿಲ್ಲಿಸಿದ. ಕಟ್ಟಡದಲ್ಲಿ ಈಗ ಯಾರೂ ಇಲ್ಲ, ನಾವಿಬ್ಬರೇ.

ಅವರು ಸೋತಿದ್ದಾರೆ. ಮೊದಲಿನ ಹಾಗೆ ಜೋರಾಗಿ ಬಡಿಯೋಕೆ ಆಗ್ತಿಲ್ಲ. ನಾನು ಸೌಟಿನಲ್ಲಿ ಬಡಿದ ಮೇಲೆ ಬಹಳ ಹೊತ್ತು ಕಾಯಬೇಕು. ಆಮೇಲೆ ಒಂದೇ ಒಂದು ಸದ್ದು, ಉಗುರಿನಲ್ಲಿ ತಟ್ಟಿದ ಹಾಗೆ. ಮತ್ತೆ ಹೋಗಿಬಿಡ್ತಾರೆ ಅನ್ನೋದು ಗೊತ್ತಾಗ್ತಿದೆ. ಒಂದು ಸಲ ತಡಕೊಂಡೆ ತಂಗೀ. ಎರಡನೇ ಸಲ ತಡಕೊಳ್ಳೋಕೆ ನನ್ನ ಕೈಲಿ ಆಗಲ್ಲ.

ನಿನ್ನೆ ಮಧ್ಯಾಹ್ನ ಕೇಳಿಯೇಬಿಟ್ಟೆ. “ನಾನು ಬರಲಾ?” ಅಂದೆ.

ಬಡಿದರು. ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಬಡಿದರು. ಬಾ, ಬಾ, ಬಾ ಅಂತ. ಇಷ್ಟು ಆಸೆಯಿಂದ ಅವರು ಯಾವತ್ತೂ ನನ್ನನ್ನ ಕರೆದಿರಲಿಲ್ಲ.

ಕೆಲಸ ಅರ್ಧಕ್ಕೆ ಬಿಟ್ಟು ಹೋಗೋಳಲ್ಲ ನಾನು. ನಿನ್ನೆಯಿಂದ ಕೂತು ಉಳಿದ ಯೂನಿಫಾರಂಗಳನ್ನ ಮುಗಿಸಿದೆ. ಗುಂಡಿ ಹಚ್ಚಿ, ಮಡಿಚಿ, ಅಳತೆ ಪ್ರಕಾರ ಜೋಡಿಸಿಟ್ಟಿದ್ದೀನಿ. ಮಿಷನ್ನಿಗೆ ಎಣ್ಣೆ ಬಿಟ್ಟು ಮುಚ್ಚಿದೆ. ನಿನ್ನ ಹಳೇ ಸ್ವೆಟರಿನ ಮೊಣಕೈ ಸರಿ ಮಾಡಿ ಕಪಾಟಿನಲ್ಲಿಟ್ಟಿದ್ದೀನಿ, ಬಂದಾಗ ತಗೋ. ನಿನ್ನ ಮೇಲೆ ಈಗ ನನಗೇನೂ ಇಲ್ಲ.

ಅವರ ಕೋಟು ಹಾಕ್ಕೊಂಡಿದ್ದೀನಿ. ಅಷ್ಟೇನೂ ಚಳಿ ಆಗ್ತಿಲ್ಲ. ಬೆಳಿಗ್ಗೆಯಿಂದ ಹಾಗೇ ಇದೆ, ಹಿತವಾಗಿದೆ. ಈ ಕಾಗದ ಡಬ್ಬಿಗೆ ಹಾಕಿ ಬಂದು ಕೆಳಗೆ ಬಾಯ್ಲರ್ ರೂಮಿಗೆ ಹೋಗ್ತೀನಿ. ಅವರು ಅಲ್ಲೇ ಇರ್ತಾರೆ, ಇನ್ನೆಲ್ಲಿರ್ತಾರೆ.

ನಿನ್ನ ಅಕ್ಕ


ಜನವರಿ ೧೩

ಅಕ್ಕಾ,

ಹಳಿ ಮೇಲಿನ ಹಿಮ ಬಿಡಿಸೋ ಎಂಜಿನ್ನು ಈಗ ತಾನೇ ಮೇಲೆ ಬಂತು, ಅಂಚೆ ಚೀಲವನ್ನೂ ತಂತು. ನಿನ್ನ ಮೂರು ಕಾಗದ ಒಟ್ಟಿಗೆ ಸಿಕ್ಕಿವೆ. ಎಂಜಿನ್ನು ವಾಪಸ್ ಹೊರಡತ್ತೆ, ಡ್ರೈವರು ಈ ಕಾಗದಕ್ಕಾಗಿ ಕಾಯ್ತಿದ್ದಾರೆ. ನನ್ನನ್ನೂ ಕರಕೊಂಡು ಹೋಗಿ ಅಂತ ಕಾಲಿಗೆ ಬೀಳೋದೊಂದು ಬಾಕಿ ಇತ್ತು. ಡಾಕ್ಟರು ಕೈ ಹಿಡಿದು ನಿಲ್ಲಿಸಿದರು. ಹೊರಗೆ ವರಾಂಡದ ತುಂಬ ಜನ ಬಿದ್ದಿದ್ದಾರೆ.

ಸತ್ತವರಿಗೆ ಸುಸ್ತಾಗಲ್ಲ ಅಕ್ಕ. ಸತ್ತವರಿಗೆ ಚಳಿ ಆಗಲ್ಲ. ಬಡಿದು ಬಡಿದು ಸೋಲೋದು ಬದುಕಿರೋರು.

ಟೈಪಿಸ್ಟಮ್ಮ ರೈಲು ಹತ್ತಿದ್ದನ್ನ ಯಾರು ನೋಡಿದರು? ಸೋಮವಾರ ರೈಲೇ ಹೊರಟಿಲ್ಲ ಅಂತಿದ್ದಾರೆ ಈ ಡ್ರೈವರು, ಒಂದೂ ಇಲ್ಲವಂತೆ. ಹಾಗಾದರೆ ಅವರು ಹೋದದ್ದು ಎಲ್ಲಿಗೆ? ಆ ಪೈಪು ಅವರ ಬಚ್ಚಲಿನಿಂದಲೇ ತಾನೇ ಮೇಲೆ ಬರೋದು? ಬಾಗಿಲು ಒಡೆಸು. ಐಸ್‌ಕ್ಯಾಂಡಿಯವನನ್ನ ಕರಿ, ಯಾರನ್ನಾದರೂ ಕರಿ.

ಈ ಕಾಗದ ಓದೋಕೆ ನೀನು ಇರಬೇಕು. ಇರು. ನನಗೆ ಇನ್ಯಾರೂ ಇಲ್ಲ.

ಸೂಜಿ


ಜನವರಿ ೧೬, ಶುಕ್ರವಾರ

ತಂಗೀ,

ಇದ್ದೀನಿ.

ಎಂಜಿನ್ ಡ್ರೈವರು ತಾವೇ ಮೆಟ್ಟಿಲು ಹತ್ತಿ ಬಂದು ಕಾಗದ ಕೊಟ್ಟರು. ನಾನು ಬಾಗಿಲು ತೆಗೆದಿದ್ದಕ್ಕೆ “ಸದ್ಯ” ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ದಾರಿಯುದ್ದಕ್ಕೂ ಏನು ನೋಡಬೇಕಾಗತ್ತೋ ಅಂತ ಹೆದರಿದ್ದರಂತೆ. ನೀನು ಹೇಳಿದ್ದು ಸರಿ. ಆದರೆ ನಿನ್ನ ಕಾಗದ ಬರೋಕೆ ಮೊದಲೇ ಆಗೋದೆಲ್ಲ ಆಗಿತ್ತು.

ಶನಿವಾರ ಮಧ್ಯಾಹ್ನ ಕೆಳಗೆ ಹೋದೆ. ಸಾಯೋಕೆ ಹೋದೆಯಾ ಅಂತ ಕೇಳಬೇಡ, ನನಗೇ ಗೊತ್ತಿಲ್ಲ. ಅವರ ಹತ್ತಿರ ಹೋಗಬೇಕಿತ್ತು, ಅಷ್ಟೇ. ಬಾಯ್ಲರ್ ರೂಮಿನ ಕಿಂಡಿಯಿಂದ ಬೆಳಕು ಬೀಳ್ತಿತ್ತು. ಗೋಡೆಗೆಲ್ಲ ಬಿಳೀ ಹಿಮ ಕೂತಿತ್ತು. ಅವರು ಕೂರ್ತಿದ್ದ ಮುರುಕು ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ಕೂತೆ. ಕೋಟಿನ ಮೇಲಿನ ಗುಂಡಿ ಬಿಚ್ಚಿದ್ದೆ, ಸೆಕೆ ಅನ್ನಿಸ್ತಿತ್ತು. “ಬಂದೆ ನೋಡಿ” ಅಂದೆ.

ಏನೂ ಇಲ್ಲ. ತಂಗೀ, ಅಲ್ಲಿ ಏನೂ ಇರಲಿಲ್ಲ. ಆ ಬಾಯ್ಲರ್ ಕಬ್ಬಿಣದ ಒಂದು ದೊಡ್ಡ ಡಬ್ಬಿ, ನಾನು ಅದರ ಮುಂದೆ ಗಂಡಸಿನ ಕೋಟು ಹಾಕಿಕೊಂಡು ಕೂತಿದ್ದ ಒಬ್ಬಳು ಹೆಂಗಸು. ಅಷ್ಟು ಖಾಲಿಯಾದ ಜಾಗವನ್ನ ನಾನು ಎಲ್ಲೂ ಕಂಡಿಲ್ಲ.

ಆಗ ಸದ್ದಾಯ್ತು. ಉಗುರು ತಟ್ಟಿದಷ್ಟು. ಆದರೆ ನನ್ನ ತಲೆಯ ಮೇಲಿಂದ.

ಅವರು ಮೇಲೆ ಇರೋಕೆ ಹೇಗೆ ಸಾಧ್ಯ? ಮೇಲೆ ನಿಂತು ಬಡೀತಿದ್ದೋಳು ನಾನು. ಅವರು ಯಾವಾಗಲೂ ಕೆಳಗಿನಿಂದ ಬಡೀತಿದ್ದರು. ಅದೊಂದು ವಿಷಯ ನನ್ನ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತು. ಎದ್ದೆ. ಕಾಲು ನನ್ನವಾಗಿರಲಿಲ್ಲ, ಗೋಡೆ ಹಿಡಿದು ಮೆಟ್ಟಿಲು ಹತ್ತಿದೆ. ಟೈಪಿಸ್ಟಮ್ಮನ ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಸದ್ದು.

ಬಾಗಿಲಿಗೆ ಒಳಗಿನಿಂದ ಚಿಲಕ. ಬೀದಿಗೆ ಓಡಿ ಐಸ್‌ಕ್ಯಾಂಡಿಯವನನ್ನ ಕೂಗಿದೆ. ಅವನು ಐಸ್ ಒಡೆಯೋ ಸಲಾಕೆ ಹಿಡಿದು ಬಂದ. ನನ್ನ ಮುಖ ನೋಡಿ, “ಅಕ್ಕಾ, ಮೊದಲು ಗುಂಡಿ ಹಾಕ್ಕೊಳ್ಳಿ” ಅಂತ ಗದರಿಸಿ, ಆಮೇಲೆ ಬಾಗಿಲಿಗೆ ಕೈ ಹಾಕಿದ.

ಬಚ್ಚಲಿನ ನೆಲದ ಮೇಲೆ ಬಿದ್ದಿದ್ದಳು. ಸೋಮವಾರ ಸ್ಟೇಷನ್ನಿನಲ್ಲಿ ರೈಲಿಲ್ಲ ಅಂದಿದ್ದಕ್ಕೆ ವಾಪಸ್ ಬಂದಿದ್ದಾಳೆ. ಕೋಟು ಬಿಚ್ಚೋಕೆ ಮೊದಲೇ ನೀರು ತುಂಬಿಡೋಣ ಅಂತ ಬಚ್ಚಲಿಗೆ ಹೋಗಿ ಜಾರಿದ್ದಾಳೆ. ಸೊಂಟದ ಮೂಳೆ ಮುರಿದಿದೆ. ದವಡೆಗೆ ಪೆಟ್ಟು ಬಿದ್ದು ಬಾಯಿ ತೆಗೆಯೋಕೆ ಆಗಿಲ್ಲ, ಕೂಗೋದೆಲ್ಲಿ. ತುಂಬಿಸಿದ್ದ ಬಕೆಟ್ಟು ಕೈಗೆಟುಕೋ ಹಾಗಿತ್ತು. ಬೆನ್ನಿಗೆ ಪೈಪು. ಕೈಯಲ್ಲಿ ಸೂಟ್‌ಕೇಸಿನ ಬೀಗ. ಅದರಿಂದಲೇ ಬಡೀತಿದ್ದಳು.

ಕಣ್ಣು ತೆರೆದು ನನ್ನನ್ನ ನೋಡಿದಳು. ನನ್ನನ್ನೇ ನೋಡ್ತಾ ಇದ್ದಳು.

ಈಗ ಆಸ್ಪತ್ರೆಯಲ್ಲಿದ್ದಾಳೆ. ಉಳೀತಾಳೆ ಅಂದಿದ್ದಾರೆ, ಬಲಗೈ ಬೆರಳುಗಳ ಬಗ್ಗೆ ಏನೂ ಹೇಳಿಲ್ಲ. ನನ್ನ ಕಾಲಿಗೂ ಪಟ್ಟಿ ಕಟ್ಟಿದ್ದಾರೆ.

ಒಂದು ಮಾತು ಹೇಳ್ತೀನಿ. ಅದು ಅವರು ಬಡೀತಿದ್ದ ತಾಳ ಆಗಿರಲೇ ಇಲ್ಲ. ಮೊದಲ ದಿನವೂ ಆಗಿರಲಿಲ್ಲ. ನಾನೇ ಹೊಂದಿಸಿಕೊಂಡೆ, ಗಿಡ್ಡ ಬಟ್ಟೆಯನ್ನ ಎಳೆದೆಳೆದು ಅಳತೆಗೆ ತರೋ ಹಾಗೆ. ಆ ವಾರ ನಾನು ಸಂತೋಷವಾಗಿದ್ದೆ ತಂಗೀ. ನನ್ನ ಕಾಲ ಕೆಳಗೆ ಒಬ್ಬಳು ಸಾಯ್ತಿದ್ದಳು, ನಾನು ಸಂತೋಷವಾಗಿದ್ದೆ. ಇದನ್ನ ತಗೊಂಡು ಎಲ್ಲಿಡಲಿ?

ಅಕ್ಕ


ಫೆಬ್ರವರಿ ೯

ನರ್ಸಮ್ಮನವರಿಗೆ,

ವಿಷಯ: ನಿಮ್ಮ ಅಕ್ಕ.

ನಾನು ಕೆಳಗಿನ ಮನೆಯವಳು. ಬಲಗೈಯ ಎರಡು ಬೆರಳು ತೆಗೆದಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಕ್ಷಮಿಸಿ. ನಲವತ್ತು ವರ್ಷ ಬೇರೆಯವರ ಮಾತನ್ನು ತಪ್ಪಿಲ್ಲದೆ ಟೈಪು ಮಾಡಿದವಳು ನಾನು.

ಮನೆಗೆ ಬಂದು ವಾರವಾಯಿತು. ನಿಮ್ಮ ಅಕ್ಕ ದಿನಾ ಕೆಳಗೆ ಬಂದು ನನಗೆ ತಲೆ ಬಾಚಿ, ಗಂಜಿ ಕುಡಿಸಿ, ಒಂದು ಮಾತೂ ಆಡದೆ ಹೋಗುತ್ತಾರೆ. ನನ್ನ ಕಣ್ಣು ನೋಡುವುದಿಲ್ಲ. ಅಡುಗೆಮನೆಗೆ ಬೀಗ ಹಾಕಿ, ವರಾಂಡದಲ್ಲಿ ಸ್ಟವ್ ಇಟ್ಟುಕೊಂಡಿದ್ದಾರಂತೆ. ಮಿಷನ್ ಸದ್ದೂ ಇಲ್ಲ. ಆ ಸದ್ದಿಗಾಗಿ ನಾನು ಕಾಯುತ್ತೇನೆ ಎಂದರೆ ನೀವು ನಂಬುತ್ತೀರಾ?

ಆಸ್ಪತ್ರೆಯಲ್ಲಿ ಬಾಯಿ ಬಂದ ದಿನ ನಾನು ಅವರನ್ನು ಮೊದಲು ಕೇಳಿದ್ದು, “ಬರಲಾ ಅಂತ ಕೇಳಿದಿರಿ, ಯಾಕೆ ಬರಲಿಲ್ಲ?” ಎಂದು. ಕೇಳಬಾರದಿತ್ತು. ಅವರು ಎಲ್ಲವನ್ನೂ ಹೇಳಿದರು. ಹೇಳುವ ಅಗತ್ಯ ಇರಲಿಲ್ಲ. ಸಂದಿನಿಂದ ಪ್ರತಿ ಮಾತೂ ನನಗೆ ಕೇಳಿಸಿತ್ತು. ಯಾರನ್ನು ಕರೆಯುತ್ತಿದ್ದಾರೆಂದು ನನಗೆ ಮೊದಲ ದಿನವೇ ತಿಳಿದಿತ್ತು. ಸತ್ತ ಮನುಷ್ಯನ ಜಾಗದಲ್ಲಿ ಮಲಗಿ ಕೇಳಿಸಿಕೊಂಡೆ. ಅವರು ಮಾತು ನಿಲ್ಲಿಸಿದಾಗಲೇ ನನಗೆ ಭಯವಾಗುತ್ತಿದ್ದುದು.

ಈಗ ಒಂದು ಯೋಚನೆ ಬಂದಿದೆ. ಸಂಜೆ ಹೊತ್ತು ನಾನು ಪೈಪಿಗೆ ಬಡಿಯಲಾ? ನಾನೆಂದು ಹೇಳದೆ, ಸುಮ್ಮನೆ. ಅವರಿಗೆ ಸಮಾಧಾನವಾಗಬಹುದು. ಸುಳ್ಳು ಸಾಕ್ಷಿ ಎಂದು ಗೊತ್ತು. ನೀವು ಹೇಳಿದ ಹಾಗೆ ಮಾಡುತ್ತೇನೆ.

ಇಂತಿ,
ಟೈಪಿಸ್ಟ್


ಫೆಬ್ರವರಿ ೧೪

ಅಮ್ಮಾ,

ಬಡಿಯಬೇಡಿ. ದಯವಿಟ್ಟು ಬಡಿಯಬೇಡಿ. ಅವಳು ಮತ್ತೆ ಕೆಳಗೆ ಇಳಿದುಬಿಡ್ತಾಳೆ, ಈ ಸಲ ಯಾರೂ ಇರಲ್ಲ.

ನಿಮಗೆ ಈಗ ಬಾಯಿ ಬಂದಿದೆಯಲ್ಲ. ಕೂಗಿ ಕರೀರಿ.

ಅವಳ ತಂಗಿ


ಮಾರ್ಚ್ ೩

ತಂಗೀ,

ನದಿ ಮೊನ್ನೆ ಬಿಚ್ಚಿಕೊಂಡಿತು. ಹಿಮದ ಹಲಗೆಗಳು ಒಂದರ ಮೇಲೊಂದು ಹತ್ತಿ ಸೇತುವೆ ಕಂಬಕ್ಕೆ ಗುದ್ದೋದನ್ನ ನೋಡೋಕೆ ಊರೆಲ್ಲ ದಡದಲ್ಲಿ ನಿಂತಿತ್ತು. ಹಿಮ ಕರಗಿದ ಬದುವಿನಲ್ಲಿ ಹೆಪ್ಪುಗಟ್ಟಿದ ಜೀವಗಳು ಇನ್ನೂ ಒಂದೊಂದಾಗಿ ಕಾಣಿಸ್ತಿವೆ. ಹಕ್ಕಿಗಳು, ಒಂದು ನಾಯಿ. ಹಾಲಿನ ಗಾಡಿಯವನ ಕುದುರೆ ನೊಗದ ಸಮೇತ ಸಿಕ್ಕಿತಂತೆ. ಎಲ್ಲರೂ ಮೆತ್ತಗೆ ಮಾತಾಡ್ತಾರೆ. ಯಾರ ಮನೆಯಲ್ಲಿ ಏನಾಯ್ತು ಅಂತ ಯಾರೂ ಕೇಳಲ್ಲ.

ನಿನ್ನೆ ಸಂಜೆ ವರಾಂಡದಲ್ಲಿ ಸ್ಟವ್ ಹಚ್ಚಿದ್ದೆ. ಕೆಳಗಿನಿಂದ ಕೂಗು ಬಂತು. “ಟೇಲರಮ್ಮಾ!” ಆ ಗಂಟಲೋ, ಬೀದಿ ಕೊನೆಯ ತನಕ ಕೇಳಿಸಿರಬೇಕು. ಬಿದ್ದಳೋ ಏನೋ ಅಂತ ಗಾಬರಿಯಾಗಿ ಓಡಿದೆ. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ.

“ಏನಾಯ್ತು?” ಅಂದೆ.

“ಅದನ್ನೇ ಕೇಳ್ತಿದ್ದೀನಿ. ಆಮೇಲೆ ಏನಾಯ್ತು?”

“ಯಾವಾಗ?”

“ಶುಕ್ರವಾರ ಮಧ್ಯಾಹ್ನ ನಿಲ್ಲಿಸಿದಿರಿ. ಅವರು ಸ್ಟೂಲಿನಿಂದ ಜಾರಿದರು, ನೀವು ತಲೆಯನ್ನ ತೊಡೆ ಮೇಲೆ ಇಟ್ಟುಕೊಂಡಿರಿ, ಯಾರೋ ಮೆಟ್ಟಿಲಿಳಿದು ಬರೋ ಸದ್ದಾಯ್ತು. ಅಲ್ಲಿಗೆ ಬಿಟ್ಟಿರಿ. ಆಮೇಲೆ ಬರಲಾ ಅಂತ ಬೇರೆ ಏನೋ ಕೇಳಿದಿರಿ. ಅಲ್ಲಿ ಬಿದ್ದುಕೊಂಡು ನಾನು ಅದೇ ಯೋಚನೆ ಮಾಡ್ತಿದ್ದೆ. ಬಂದದ್ದು ಯಾರು, ಏನಂದ್ರು. ಅರ್ಧ ಕೇಳಿ ಸಾಯೋದು ಹೇಗೆ ಹೇಳಿ?”

ನನಗೆ ಕೋಪ ಬಂತು. “ಅದು ನಿಮಗೆ ಹೇಳಿದ್ದಲ್ಲ” ಅಂದೆ.

“ಗೊತ್ತು” ಅಂದಳು. “ಆದರೆ ಕೇಳಿಸಿಕೊಂಡೋಳು ನಾನು.”

ಬಾಗಿಲ ತನಕ ಹೋಗಿ ವಾಪಸ್ ಬಂದೆ. ಅವಳು ಅವಸರ ಮಾಡಲಿಲ್ಲ. ಆಮೇಲೆ ಕೂತೆ. ಅವಳ ಮುಖ ನೋಡ್ತಾ ಹೇಳಿದೆ. ನಡುವೆ ನಿಲ್ಲಿಸಿದಾಗ ಅವಳು ಏನನ್ನೂ ಬಡಿಯಲಿಲ್ಲ, “ಹೂಂ” ಅಂದಳು. ಕೊನೇ ತನಕ ಹೇಳಿದೆ. ನನ್ನ ಗಂಡ ಸತ್ತರು ಅಂತ ಬಾಯಿಬಿಟ್ಟು ಅಂದೆ. ಇಷ್ಟು ದಿನ ಅವರ ವಿಷಯದಲ್ಲಿ ಆ ಪದ ನನ್ನ ಬಾಯಲ್ಲಿ ಬಂದಿರಲಿಲ್ಲ, ಯಾವ ಕಾಗದದಲ್ಲೂ ಬಂದಿಲ್ಲ. ಹೊರಗೆ ನದಿ ಸದ್ದು ಮಾಡ್ತಿತ್ತು.

ಇವತ್ತು ಅಡುಗೆಮನೆ ಬೀಗ ತೆಗೆದೆ. ಪೈಪಿನ ಹತ್ತಿರ ಇನ್ನೂ ನಿಲ್ಲೋಕೆ ಆಗಲ್ಲ, ಬೆನ್ನು ಮಾಡಿಕೊಂಡೇ ಅಡುಗೆ ಮಾಡಿದೆ. ಒಂದೊಂದು ಸಲ ಹಿಂದೆ ಯಾರೋ ಉಸಿರು ಹಿಡಿದು ನಿಂತ ಹಾಗೆ ಅನ್ನಿಸತ್ತೆ. ತಿರುಗಿ ನೋಡಲ್ಲ.

ಅವರ ಕೊನೇ ದಿನದ ವಿಷಯ ನೀನು ಕೇಳಿದ್ದೆ. ಕಾಗದದಲ್ಲಿ ಬರೆಯಲ್ಲ. ಮೇಲಿನ ರಸ್ತೆ ತೆಗೆದಿದ್ದಾರೆ, ಬಸ್ಸು ಓಡ್ತಿದೆಯಂತೆ. ಬಾ. ಎದುರಿಗೆ ಕೂತರೆ ಹೇಳ್ತೀನಿ.

ನಿನ್ನ ಅಕ್ಕ